ಹಾಡಿಗೂ ಒಂದು ಖಾತೆ

ಬೆಂಗಳೂರಿನ ಕೊಡಿಗೇಹಳ್ಳಿಯಲ್ಲಿ ಸೈಟು ಕೊಳ್ಳಲು ಹೊರಟವರು ಬೆಲೆ ಕೇಳುವ ಮೊದಲೇ ‘ಎ ಖಾತಾನೋ, ಬಿ ಖಾತಾನೋ?’ ಎಂದು ಕೇಳುತ್ತಾರೆ. ಇ.ಸಿ. ತೆಗೆಸದೆ, ಮದರ್ ಡೀಡ್ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಬಿಚ್ಚುವುದಿಲ್ಲ. ಅಂಥ ಮನೆಯದೇ ಮಹಡಿ ಕೋಣೆಯಲ್ಲಿ ಮಗ ಗೋಡೆಗೆ ಕಂಬಳಿ ಹೊಡೆದು, ಒಂದು ಮೈಕು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಮಾಡುತ್ತಿರುತ್ತಾನೆ. ಸಾಹಿತ್ಯ ಗೆಳೆಯನದು, ಗಿಟಾರ್ ಸಹಕಾರನಗರದ ಇನ್ನೊಬ್ಬನದು, ಬೀಟು ಇಂಟರ್ನೆಟ್ಟಿನಿಂದ ಇಳಿಸಿದ್ದು. ಹಾಡು ಯಾರದು ಎಂದು ಕೇಳಿದರೆ ಎಲ್ಲರೂ ‘ನಮ್ಮದೇ’ ಅನ್ನುತ್ತಾರೆ. ಹಾಡು ಓಡದಿದ್ದರೆ ಈ ಉತ್ತರ ಸಾಕು. ಓಡಿತೋ, ಜಗಳ ಶುರು.

ಕಾನೂನಿನ ಕಣ್ಣಿಗೆ ಹಾಡು ಒಂದೇ ಆಸ್ತಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯಕ್ಕೆ ಬೇರೆ ಹಕ್ಕು, ಸಂಗೀತ ಸಂಯೋಜನೆಗೆ ಬೇರೆ ಹಕ್ಕು, ಧ್ವನಿಮುದ್ರಣಕ್ಕೆ ಮತ್ತೊಂದು. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕೂ ಇದೆ. ಮುದ್ರಣದ ಒಡೆಯ ಯಾರೆಂದರೆ, ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವನು. ‘ಇಂಡಿಪೆಂಡೆಂಟ್’ ಎಂಬ ಮಾತಿನ ನಿಜವಾದ ಅರ್ಥ ಇಷ್ಟೇ: ಆ ಮುದ್ರಣ, ಅಂದರೆ ಮಾಸ್ಟರ್, ಆಡಿಯೊ ಕಂಪನಿಯ ಕೈಲಿಲ್ಲ, ನಿಮ್ಮ ಕೈಲಿದೆ. ಉದ್ದ ಕೂದಲಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾಗಿ ಮೈಕ್ ಆನ್ ಮಾಡುವ ಮೊದಲು ಒಂದು ಹಾಳೆ ಬೇಕು. ಸಾಹಿತ್ಯ ಯಾರದು, ಧಾಟಿ ಯಾರದು, ಯಾರಿಗೆ ಶೇಕಡಾ ಎಷ್ಟು, ಸ್ಟುಡಿಯೋ ಖರ್ಚು ಯಾರು ಹಾಕಿದರು ಎಂದು ಬರೆದು ಎಲ್ಲರೂ ಸಹಿ ಹಾಕಬೇಕು. ಗೆಳೆಯರ ನಡುವೆ ಇದೆಲ್ಲ ಯಾಕೆ ಅನ್ನಿಸುವುದು ಸಹಜ. ಆದರೆ ಗೆಳೆತನ ಕೆಟ್ಟ ಮೇಲೆ ಈ ಹಾಳೆಗೆ ಸಹಿ ಹಾಕುವವರು ಸಿಗುವುದಿಲ್ಲ. ಇಳಿಸಿದ ಬೀಟಿನ ಲೈಸೆನ್ಸನ್ನೂ ಓದಿ. ಹೆಚ್ಚಿನವು ಬಾಡಿಗೆಯವು. ನಿಮಗೆ ಕೊಟ್ಟ ಬೀಟನ್ನೇ ಇನ್ನೂ ನೂರು ಮಂದಿಗೆ ಕೊಟ್ಟಿರುತ್ತಾರೆ, ಅದರ ಮೇಲೆ ಯೂಟ್ಯೂಬಿನ ಕಂಟೆಂಟ್ ಐಡಿಯಲ್ಲಿ ‘ಇದು ನನ್ನದು’ ಎಂದು ಹಕ್ಕು ಹೂಡುವಂತಿಲ್ಲ.

ಕನ್ನಡದವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಕೃತಿಸ್ವಾಮ್ಯ ಬರೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳು, ವಚನಗಳು, ದಾಸರ ಪದಗಳು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಇದ್ದವು. ಪದ ಶರೀಫರದು, ಧಾಟಿ ಹೊಸದು. ಆ ಧಾಟಿ, ಆ ಮುದ್ರಣ ಹೊಸ ಆಸ್ತಿ.

ಎಡವುವುದೂ ಇಲ್ಲೇ. ಶರೀಫರ ಪದ ಮುಕ್ತ, ಆದರೆ ಸಿ. ಅಶ್ವತ್ಥ್ ಅದಕ್ಕೆ ಹಾಕಿಕೊಟ್ಟ ಧಾಟಿ ಮುಕ್ತವಲ್ಲ. ಅಶ್ವತ್ಥ್ ಹೋದದ್ದು 2009ರಲ್ಲಿ, ಆ ಧಾಟಿಗೆ 2069ರ ತನಕ ರಕ್ಷಣೆ ಇದೆ. ನಾವೆಲ್ಲ ಶಾಲೆಯಿಂದ ಗುನುಗಿಕೊಂಡು ಬಂದದ್ದು ಅವರ ಧಾಟಿಯನ್ನೇ ಆದ್ದರಿಂದ ‘ಜನಪದ’ ಎಂದು ನಂಬಿ ಅಪ್‌ಲೋಡ್ ಮಾಡಿದವರಿಗೆ ಕ್ಲೇಮು ಬಿದ್ದಾಗ ಗಾಬರಿ. ಭಾವಗೀತೆಗಳ ಲೆಕ್ಕವೂ ಹೀಗೆಯೇ. ಬಿ.ಎಂ.ಶ್ರೀ (1946) ಈಗ ಮುಕ್ತ. ಬೇಂದ್ರೆ (1981) 2041ರ ಕೊನೆಯವರೆಗೆ ಇಲ್ಲ, ಕುವೆಂಪು (1994) 2054ರವರೆಗೆ ಇಲ್ಲ. ಅವರ ಕವಿತೆ ಬೇಕಿದ್ದರೆ ಹಕ್ಕುದಾರರಿಗೆ ಪತ್ರ ಬರೆಯಬೇಕು.

ಕಂಪನಿಯೇ ಬಂದು ಹಾಡು ಕೇಳಿದರೆ? ಒಪ್ಪಂದದಲ್ಲಿ ಎರಡು ಸಾಲು ಹುಡುಕಿ: ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇದ್ದರಷ್ಟೇ ಊರ್ಜಿತ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಓದುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಎಂದು. ಅದಕ್ಕೇ ಕಂಪನಿಯ ವಕೀಲರು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಮರೆಯದೆ ಬರೆಯುತ್ತಾರೆ. 2012ರ ತಿದ್ದುಪಡಿಯ ಮೇಲೆ ಒಂದು ಸಮಾಧಾನವಿದೆ: ಸಾಹಿತ್ಯ ಬರೆದವರು, ಸಂಗೀತ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇನೆಂದು ಸಹಿ ಹಾಕಿದರೂ ಅದು ನಿಲ್ಲುವುದಿಲ್ಲ. ಆ ಪಾಲನ್ನು ವಸೂಲು ಮಾಡಿ ಹಂಚುವುದು ಮುಂಬೈಯಲ್ಲಿರುವ ಐಪಿಆರ್‌ಎಸ್, 1969ರಲ್ಲಿ ಹುಟ್ಟಿದ ಸಂಸ್ಥೆ. ಸದಸ್ಯರಾಗದೆ, ಹಾಡುಗಳನ್ನು ನೋಂದಾಯಿಸದೆ ದುಡ್ಡು ತಾನಾಗಿ ಬರುವುದಿಲ್ಲ. ನಾನು ಕಂಡ ಬಹುಪಾಲು ಹುಡುಗರು ಇದರ ಹೆಸರೇ ಕೇಳಿಲ್ಲ.

ಇನ್ನು ಹಾಡನ್ನು ಆ್ಯಪುಗಳಿಗೆ ಏರಿಸುವುದು. ಸ್ಪಾಟಿಫೈಗೆ ನೀವೇ ನೇರವಾಗಿ ಹಾಕಲಾಗದು, ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಡಿಸ್ಟ್ರೋಕಿಡ್ ವರ್ಷಕ್ಕಿಷ್ಟು ಎಂದು ಚಂದಾ ತೆಗೆದುಕೊಂಡರೆ, ಸಿಡಿ ಬೇಬಿ ಬಿಡುಗಡೆಗೊಮ್ಮೆ ಶುಲ್ಕ ಮತ್ತು ಗಳಿಕೆಯಲ್ಲಿ ಪಾಲು ಹಿಡಿಯುತ್ತದೆ. ಚಂದಾ ನಿಲ್ಲಿಸಿದರೆ ಹಾಡು ಇಳಿದುಹೋಗುತ್ತದೆಯೇ ಎಂಬುದನ್ನು ಸೇರುವ ಮೊದಲೇ ಓದಿಕೊಳ್ಳಿ. ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ, ಸೈಟಿನ ಖಾತಾ ನಂಬರಿದ್ದಂತೆ. ಡಿಸ್ಟ್ರಿಬ್ಯೂಟರ್ ಬದಲಿಸಿದರೂ ಅದೇ ನಂಬರ್ ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಯುವ ಸಾಧ್ಯತೆ ಹೆಚ್ಚು. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ, ಭಾಷೆ ‘ಕನ್ನಡ’ ಎಂದೇ ಗುರುತಿಸಿ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಕೊಡಿ. ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಸಲ್ಲಿಸಬಹುದು. ‘ಇವತ್ತು ರಾತ್ರಿ ಬಿಡೋಣ’ ಅನ್ನುವವರಿಗೆ ಈ ಬಾಗಿಲು ಮುಚ್ಚಿದಂತೆಯೇ.

ದುಡ್ಡು ಎಷ್ಟು? ಒಂದು ಸಲ ಕೇಳಿದರೆ ಇಷ್ಟು ಎಂಬ ನಿಗದಿಯಿಲ್ಲ, ತಿಂಗಳ ಒಟ್ಟು ಆದಾಯದಲ್ಲಿ ನಿಮ್ಮ ಪಾಲೆಷ್ಟೋ ಅಷ್ಟು. 30 ಸೆಕೆಂಡ್ ದಾಟಿದರೆ ಮಾತ್ರ ಸ್ಪಾಟಿಫೈ ಎಣಿಸುತ್ತದೆ, 2024ರಿಂದ 12 ತಿಂಗಳಲ್ಲಿ 1,000 ಸಲ ಓಡದ ಹಾಡಿಗೆ ಅದು ಕಾಸು ಕೊಡುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಿದ್ದರೆ 1,000 ಚಂದಾದಾರರ ಜೊತೆಗೆ ವರ್ಷಕ್ಕೆ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಸಾವಿರ ರೂಪಾಯಿಗೆ ಹತ್ತು ಸಾವಿರ ವ್ಯೂಸ್ ಮಾರುವವರ ಬಲೆಗೆ ಬೀಳಬೇಡಿ. ಕಳ್ಳ ಎಣಿಕೆ ಸಿಕ್ಕಿಬಿದ್ದರೆ ಹಾಡೇ ಮಾಯವಾಗುತ್ತದೆ.

ಹೊಟ್ಟೆಗೆ ಬೀಳುವ ದುಡ್ಡು ಇವತ್ತಿಗೂ ವೇದಿಕೆಯದೇ. ಬೆಂಗಳೂರಿನಲ್ಲಿ ಅದರ ಕಥೆ ಸ್ವಲ್ಪ ವಿಚಿತ್ರ. ‘ಲೈವ್ ಬ್ಯಾಂಡ್’ ಅಂದರೆ ಇಲ್ಲಿನ ಪೊಲೀಸರ ಕಿವಿಗೆ ಗಿಟಾರ್ ಕೇಳಿಸುತ್ತಿರಲಿಲ್ಲ, ಡ್ಯಾನ್ಸ್ ಬಾರ್ ಕೇಳಿಸುತ್ತಿತ್ತು. ಸಾರ್ವಜನಿಕ ಮನರಂಜನಾ ತಾಣಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಪಬ್‌ಗಳಲ್ಲಿ ಹಾಡುವುದೇ ನಿಂತಿತು. ಆದ್ದರಿಂದ ಹೊಸ ಜಾಗದಲ್ಲಿ ಪ್ರೋಗ್ರಾಮ್ ಒಪ್ಪುವ ಮುಂಚೆ ಲೈಸೆನ್ಸ್ ಇದೆಯಾ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಬಯಲಿನಲ್ಲಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ನಿಲ್ಲಿಸಬೇಕು. ಅರ್ಧ ಪೇಮೆಂಟ್ ಮುಂಗಡ ತೆಗೆದುಕೊಳ್ಳಿ. ಸೌಂಡು ಯಾರದು, ಊಟ ಯಾರದು ಎಂದು ವಾಟ್ಸ್ಯಾಪಿನಲ್ಲಾದರೂ ಬರೆಸಿಕೊಳ್ಳಿ. ಯಲಹಂಕ ಕಡೆಯ ಒಂದು ಬಡಾವಣೆಯಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಶಾಲು, ಹಾರ, ಫಲಕ ಎಲ್ಲ ಕೊಟ್ಟು ಪೇಮೆಂಟನ್ನು ‘ನಾಳೆ’ ಅಂದವರನ್ನು ಕಣ್ಣಾರೆ ಕಂಡಿದ್ದೇನೆ.

ಶಾಸ್ತ್ರೀಯ, ಸುಗಮ ಸಂಗೀತ, ಜನಪದ ಹಾಡುವವರಿಗೆ ಆಕಾಶವಾಣಿಯ ಧ್ವನಿಪರೀಕ್ಷೆ ಇನ್ನೂ ಒಳ್ಳೆಯ ದಾರಿ. ಒಮ್ಮೆ ‘ಬಿ’ ಗ್ರೇಡ್ ಸಿಕ್ಕರೆ ಪ್ರಸಾರಕ್ಕೆ ಸಂಭಾವನೆ ಉಂಟು, ಹೆಸರಿನ ಮುಂದೆ ಹಾಕಿಕೊಳ್ಳಲು ಒಂದು ತೂಕವೂ ಉಂಟು.

ರೆಕಾರ್ಡಿಂಗ್ ಬಗ್ಗೆ ಕೊಡಿಗೇಹಳ್ಳಿಯವರಿಗೆ ಪ್ರತ್ಯೇಕ ಮಾತೊಂದಿದೆ. ಯಶವಂತಪುರ–ಯಲಹಂಕ ನಡುವಿನ ರೈಲು ಊರನ್ನು ಹಾದೇ ಹೋಗಬೇಕು. ಬೆಸ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಬಂದರೆ ಯುದ್ಧವಿಮಾನಗಳು ನೆತ್ತಿಯ ಮೇಲೆಯೇ. ಆ ವಾರ ದನಿ ಮುದ್ರಿಸುವ ಆಸೆ ಬಿಟ್ಟು ಮಿಕ್ಸಿಂಗ್ ಇಟ್ಟುಕೊಳ್ಳಿ.

ಹೊಸ ಹಾಡನ್ನು ಜನರ ಕಿವಿಗೆ ಹಾಕಲು ನವೆಂಬರಿಗಿಂತ ಒಳ್ಳೆಯ ತಿಂಗಳಿಲ್ಲ. ಅಪಾರ್ಟ್‌ಮೆಂಟುಗಳು, ಆಟೊ ನಿಲ್ದಾಣಗಳು, ಮಾನ್ಯತಾ ಟೆಕ್ ಪಾರ್ಕಿನ ಕಂಪನಿಗಳು, ಎಲ್ಲರಿಗೂ ರಾಜ್ಯೋತ್ಸವಕ್ಕೆ ಕನ್ನಡ ಹಾಡುವವರು ಬೇಕು. ನಾಲ್ಕು ರಾಜ್‌ಕುಮಾರ್ ಹಾಡು, ಎರಡು ಪುನೀತ್ ಹಾಡು, ನಡುವೆ ನಿಮ್ಮದೊಂದು. ಜನ ಎದ್ದು ಹೋಗದಿದ್ದರೆ ಕೊನೆಗೆ ಇನ್ನೊಂದು. ಬ್ಯಾನರಿನಲ್ಲಿ ಕ್ಯೂಆರ್ ಕೋಡ್ ದೊಡ್ಡದಾಗಿರಲಿ. ಸಂಘದ ಕಾರ್ಯದರ್ಶಿಗಳಿಗೆ ಗಣೇಶನ ಹಬ್ಬ ಮುಗಿದ ವಾರವೇ ಫೋನ್ ಮಾಡಬೇಕು. ದಸರಾ ಕಳೆದ ಮೇಲೆ ಮಾಡಿದರೆ ಶನಿವಾರ, ಭಾನುವಾರಗಳು ಸಿಗುವುದಿಲ್ಲ.