ಕಂಪ್ಯೂಟರಿನ ಶುದ್ಧೀಕರಣವೂ ಬ್ರೌಸರಿನ ನೆನಪುಗಳೂ

ಹಬ್ಬಕ್ಕಾಗಿ ಮನೆಗೆ ಸುಣ್ಣ ಬಳಿಸುವಾಗ ಗೃಹಿಣಿಯು ಕೆಲಸಗಾರರ ಬೆನ್ನ ಹಿಂದೆಯೇ ನಿಂತಿರುವಳು. ಈ ಡಬ್ಬಿಯನ್ನು ಎಸೆಯಬೇಡಿ, ಆ ಮೊಳೆಗೆ ತೂಗಿರುವ ಕೀಲಿಕೈಯನ್ನು ಮುಟ್ಟಬೇಡಿ ಎಂದು ಹೇಳುತ್ತಲೇ ಇರುವಳು. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮನ್ನು ಹಾಕಿಸುವಾಗ ಮಾತ್ರ ನಮ್ಮಲ್ಲಿ ಬಹುಮಂದಿ ಯಂತ್ರವನ್ನು ಒಪ್ಪಿಸಿ ನಿಶ್ಚಿಂತರಾಗಿಬಿಡುವರು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಮುಗಿದ ಮೇಲೆ ಅನೇಕ ಮನೆಗಳಲ್ಲಿ ಈ ಪ್ರಮೇಯವು ಒದಗಿರುವುದರಿಂದ, ಇದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಇಷ್ಟಪಡುತ್ತೇವೆ.

ಹಿಂದೆ ಇಂತಹ ಕೆಲಸದಲ್ಲಿ ಯಂತ್ರವು ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳುತ್ತಿತ್ತು: ಯಾವ ಭಾಷೆ, ಯಾವ ಡಿಸ್ಕು, ಹಳೆಯದನ್ನು ಅಳಿಸಬಹುದೆ, ಎಂದು. ಕುಶಲರಾದವರು ಈಗ ಆ ಪ್ರಶ್ನೆಗಳಿಗೆಲ್ಲ ಉತ್ತರಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಬರುವರು. ವಿಂಡೋಸಿನಲ್ಲಿ ಇದಕ್ಕೆ ಉತ್ತರ-ಕಡತವೆಂದೇ ಹೆಸರು. ರೆಡ್‌ಹ್ಯಾಟ್ ಬಳಗದ ಲಿನಕ್ಸಿನಲ್ಲಿ ಕಿಕ್‌ಸ್ಟಾರ್ಟ್ ಎಂದೂ, ಡೆಬಿಯನ್ನಿನಲ್ಲಿ ಪ್ರಿಸೀಡ್ ಎಂದೂ ಕರೆಯುವರು. ಮೂವತ್ತು ಯಂತ್ರಗಳಿರುವ ಶಾಲೆಗೆ ಇದು ವರವೇ ಸರಿ. ಆದರೆ ಡಿಸ್ಕನ್ನು ಪೂರ್ತಿಯಾಗಿ ಅಳಿಸು ಎಂದು ಕಡತದಲ್ಲಿ ಬರೆದಿದ್ದರೆ ಯಂತ್ರವು ಎರಡನೆಯ ಮಾತಿಲ್ಲದೆ ಅಳಿಸಿಬಿಡುವುದು. ಶಾಲೆಗಾಗಿ ಸಿದ್ಧಪಡಿಸಿದ ಪೆನ್‌ಡ್ರೈವು ನಮ್ಮ ಮನೆಯ ಯಂತ್ರಕ್ಕೂ ಬಂದಾಗಲೇ ಅಪಾಯವಿರುವುದು.

ಮದುವೆಯ ಭಾವಚಿತ್ರಗಳು, ಮಕ್ಕಳ ಅಂಕಪಟ್ಟಿಗಳು ಇವನ್ನು ಎಲ್ಲರೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳುವರು. ಮರೆತುಹೋಗುವುದು ಬ್ರೌಸರಿನ ನೆನಪು. ಅದರಲ್ಲಿ ಎರಡು ಬಗೆ. ಕನ್ನಡದ ಅಕ್ಷರಗಳು ಯಾವ ಅಚ್ಚಿನಲ್ಲಿ, ಎಷ್ಟು ದಪ್ಪದಲ್ಲಿ ಕಾಣಬೇಕು. ಮೊದಲು ಯಾವ ಪುಟ ತೆರೆಯಬೇಕು. ಕಾಗುಣಿತ ನೋಡುವ ಸಲಕರಣೆಗೆ ನಾವು ಕಲಿಸಿದ ಮನೆಮಾತುಗಳು ಯಾವುವು. ಇವು ನಮ್ಮ ಆಯ್ಕೆಗಳು. ಎರಡನೆಯದು ಕುಕೀ. ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬವರು ಇದನ್ನು ಬ್ರೌಸರಿಗೆ ತಂದರು. ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆ ಬಿಟ್ಟಾಗ ಕೊಡುವ ಬಿಲ್ಲೆಯಂತೆಯೇ ಇದು. ಜಾಲತಾಣವು ನಮಗೆ ಬಿಲ್ಲೆಯನ್ನು ಕೊಟ್ಟು, ಮರುದಿನ ಅದನ್ನು ನೋಡಿ, ಇವರು ನಿನ್ನೆ ಬಂದವರೇ ಎಂದು ಒಳಕ್ಕೆ ಬಿಡುವುದು. ಬಿಲ್ಲೆ ಯಾರ ಕೈಯಲ್ಲಿದ್ದರೂ ಕಾವಲುಗಾರನು ಕೇಳುವುದಿಲ್ಲವೆಂಬುದನ್ನೂ ಇಲ್ಲಿಯೇ ಮನಸ್ಸಿಗೆ ತಂದುಕೊಳ್ಳಬೇಕು.

ಮನೆಯ ಹಿರಿಯರು ಐದಾರು ವರ್ಷಗಳಿಂದ ಒಂದೇ ಯಂತ್ರದಲ್ಲಿ ತಮ್ಮ ಈಮೇಲನ್ನು ನೋಡುತ್ತಿರುವರೆನ್ನೋಣ. ಬಿಲ್ಲೆಯಿದ್ದುದರಿಂದ ಪಾಸ್‌ವರ್ಡನ್ನು ಯಾರೂ ಕೇಳಿಲ್ಲ. ಅವರಿಗೆ ಅದು ಮರೆತೂ ಹೋಗಿದೆ. ಖಾತೆಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆಯನ್ನು ಬಿಟ್ಟು ಮೂರು ವರ್ಷವಾಯಿತು. ಶುದ್ಧೀಕರಣವಾದ ಮರುಗಳಿಗೆಯಲ್ಲಿ ಯಂತ್ರವು ಅಪರಿಚಿತವಾಗುವುದು. ಗುಪ್ತಸಂಖ್ಯೆಯು ಆ ಹಳೆಯ ಮೊಬೈಲಿಗೆ ಹೋಗುವುದು. ಪಿಂಚಣಿಯ ಕಾಗದಗಳು, ದೂರದ ಮಕ್ಕಳ ಪತ್ರಗಳು, ಎಲ್ಲವೂ ಬಾಗಿಲಿನಾಚೆ ಉಳಿದುಬಿಡುವುವು. ಅಳಿಸಿದ್ದು ಮನೆಯ ಡಿಸ್ಕು. ಕಳೆದುಕೊಂಡದ್ದು ಇನ್ನೆಲ್ಲಿಯೋ ಭದ್ರವಾಗಿರುವ ಸ್ವತ್ತು!

ಆದುದರಿಂದ ಮೊಟ್ಟಮೊದಲು ಮಾಡತಕ್ಕ ಕೆಲಸವೆಂದರೆ ಪರೀಕ್ಷೆ. ಬ್ರೌಸರಿನಲ್ಲಿ ಪ್ರೈವೇಟ್ ವಿಂಡೋ ಎಂಬುದನ್ನು ತೆರೆದರೆ ಹಳೆಯ ಕುಕೀಗಳು ಅಲ್ಲಿ ನಡೆಯುವುದಿಲ್ಲ. ಅದರಲ್ಲಿ ಮುಖ್ಯವಾದ ಖಾತೆಗಳಿಗೆಲ್ಲ ಕೈಯಿಂದಲೇ ಪಾಸ್‌ವರ್ಡ್ ಬರೆದು ಪ್ರವೇಶಿಸಿ ನೋಡಬೇಕು. ಪ್ರವೇಶ ದೊರೆಯದಿದ್ದರೆ, ಹಳೆಯ ಬಿಲ್ಲೆ ಇನ್ನೂ ನಡೆಯುತ್ತಿರುವಾಗಲೇ ಸಂಖ್ಯೆಯನ್ನೂ ಪಾಸ್‌ವರ್ಡನ್ನೂ ಸರಿಪಡಿಸಿಕೊಳ್ಳಲು ಯತ್ನಿಸಬೇಕು. ಅದಾಗುವ ತನಕ ಪೆನ್‌ಡ್ರೈವು ಯಂತ್ರದ ಹತ್ತಿರಕ್ಕೂ ಬರಕೂಡದು.

ಇನ್ನು ನಕಲಿನ ವಿಚಾರ. ಫೈರ್‌ಫಾಕ್ಸು ಈ ವಿಷಯದಲ್ಲಿ ಉದಾರವಾದುದು. ಅದರ ಕುಕೀಗಳು, ಆಯ್ಕೆಗಳು, ಪುಟಗುರುತುಗಳು, ಪಾಸ್‌ವರ್ಡುಗಳು ಎಲ್ಲವೂ ಪ್ರೊಫೈಲ್ ಎಂಬ ಒಂದೇ ಫೋಲ್ಡರಿನಲ್ಲಿರುವುವು. ವಿಂಡೋಸಿನಲ್ಲಿ ಆ ಫೋಲ್ಡರು ಕಣ್ಣಿಗೆ ಬೀಳದಂತೆ ಮರೆಯಲ್ಲಿರುವುದರಿಂದ, ದಾಖಲೆಗಳ ಫೋಲ್ಡರನ್ನು ಮಾತ್ರ ನಕಲು ಮಾಡಿದವರಿಗೆ ಅದು ಸಿಕ್ಕುವುದಿಲ್ಲ. ಬ್ರೌಸರಿನ ವಿಳಾಸದ ಜಾಗದಲ್ಲಿ ‘ಅಬೌಟ್’ ಎಂಬುದನ್ನೂ ‘ಪ್ರೊಫೈಲ್ಸ್’ ಎಂಬುದನ್ನೂ ಇಂಗ್ಲಿಷಿನಲ್ಲಿ, ನಡುವೆ ಎರಡು ಚುಕ್ಕೆಗಳ ಚಿಹ್ನೆಯಿಟ್ಟು ಬರೆದರೆ ಅದರ ಸ್ಥಳ ತಿಳಿಯುವುದು. ಬ್ರೌಸರನ್ನು ಮುಚ್ಚಿದ ಮೇಲೆಯೇ ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಬೇಕು. ತೆರೆದಿರುವಾಗ ಮಾಡಿದ ನಕಲು ಅರೆಬರೆಯಾಗಬಹುದು.

ಕ್ರೋಮಿನ ರೀತಿ ಬೇರೆ. ವಿಂಡೋಸಿನಲ್ಲಿ ಅದು ಕುಕೀಗಳನ್ನೂ ಪಾಸ್‌ವರ್ಡುಗಳನ್ನೂ ಆ ಯಂತ್ರದ ಆ ಬಳಕೆದಾರನಿಗೇ ಸೇರಿದ ಬೀಗದಲ್ಲಿಡುವುದು. ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡು ಇಟ್ಟುಕೊಂಡರೂ ಅವನು ಬೇರೊಬ್ಬನೇ. ನಕಲು ಮಾಡಿದ ಕಡತವು ಕೀಲಿಕೈಯಿಲ್ಲದ ಪೆಟ್ಟಿಗೆಯಾಗುವುದು. ಕುಕೀಗಳನ್ನು ಕದಿಯುವ ದುಷ್ಟ ತಂತ್ರಾಂಶಗಳು ಹೆಚ್ಚಿದುದರಿಂದ ೨೦೨೪ರಲ್ಲಿ ಈ ಬೀಗವನ್ನು ಮತ್ತಷ್ಟು ಬಿಗಿಮಾಡಿದರು. ಕ್ರೋಮಿನವರು ಸಿಂಕ್ ಎಂಬ ಏರ್ಪಾಡನ್ನು ನೆಚ್ಚುವುದೇ ಲೇಸು. ಅದರಿಂದ ಪುಟಗುರುತು, ಪಾಸ್‌ವರ್ಡು, ಆಯ್ಕೆಗಳು ಹಿಂದಿರುಗುವುವು, ಕುಕೀಗಳು ಬಾರವು.

ಲಿನಕ್ಸನ್ನು ಬಳಸುವವರಿಗೆ ಒಂದು ಅನುಕೂಲವುಂಟು. ಮನೆಯವರ ಕಡತಗಳಿರುವ ‘ಹೋಮ್’ ಭಾಗವನ್ನು ಡಿಸ್ಕಿನಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದರೆ, ಆ ಭಾಗವನ್ನು ಅಳಿಸದೆ ಹಾಗೆಯೇ ಬಳಸೆಂದು ಕಿಕ್‌ಸ್ಟಾರ್ಟ್ ಕಡತದಲ್ಲಿ ಬರೆಯಬಹುದು. ಆಗ ಪ್ರೊಫೈಲು ಇದ್ದಲ್ಲಿಯೇ ಉಳಿಯುವುದು. ಆದರೆ ಎಲ್ಲ ಭಾಗಗಳನ್ನೂ ತೆಗೆ ಎಂಬ ಸಾಲೊಂದು ಅದೇ ಕಡತದಲ್ಲಿ ಉಳಿದುಕೊಂಡಿದ್ದರೆ ಈ ಜಾಣತನವೆಲ್ಲ ವ್ಯರ್ಥ. ಉಬುಂಟು ೨೨.೦೪ರಿಂದ ಈಚೆಗೆ ಫೈರ್‌ಫಾಕ್ಸಿನ ಪ್ರೊಫೈಲು ‘ಸ್ನ್ಯಾಪ್’ ಎಂಬ ಫೋಲ್ಡರಿನೊಳಗೆ ಸೇರಿರುವುದೆಂಬುದನ್ನೂ ನಕಲು ಮಾಡುವವರು ಅರಿತಿರಬೇಕು.

ಎಲ್ಲ ಕುಕೀಗಳನ್ನೂ ಉಳಿಸಲೇಬೇಕೆ ಎಂದು ಕೇಳಿದರೆ, ಬೇಡವೆಂದೇ ನಮ್ಮ ಅಭಿಪ್ರಾಯ. ಬ್ಯಾಂಕಿನ ಬಿಲ್ಲೆಗಳು ಸ್ವಲ್ಪ ಹೊತ್ತಿಗೇ ಸಾಯುವುವು. ಜಾಹೀರಾತಿನವರ ಬಿಲ್ಲೆಗಳು ಹೋದರೆ ಹೋಗಲಿ. ಆಯ್ಕೆಗಳನ್ನು ಮಾತ್ರ ಉಳಿಸುವುದು ಪ್ರಯಾಸಕ್ಕೆ ತಕ್ಕ ಫಲ ಕೊಡುವುದು. ಕಣ್ಣು ಮಂಜಾದವರಿಗೆ ದಪ್ಪ ಅಕ್ಷರವನ್ನು ಮತ್ತೆ ಹೊಂದಿಸಿಕೊಡುವ ಮೊಮ್ಮಗನು ಯಾವಾಗಲೂ ಮನೆಯಲ್ಲಿರುವುದಿಲ್ಲವಷ್ಟೆ. ಪ್ರೊಫೈಲಿನ ನಕಲಂತೂ ಮನೆಯ ಕೀಲಿಕೈಗಳ ಗೊಂಚಲು. ಫೈರ್‌ಫಾಕ್ಸಿನಲ್ಲಿ ಪ್ರೈಮರಿ ಪಾಸ್‌ವರ್ಡನ್ನು ಇಟ್ಟಿಲ್ಲದಿದ್ದರೆ, ಆ ಫೋಲ್ಡರನ್ನು ಪಡೆದವನು ಅದರೊಳಗಿನ ಪಾಸ್‌ವರ್ಡುಗಳನ್ನೆಲ್ಲ ಓದಬಲ್ಲನು. ನಕಲನ್ನು ಕೆಲಸಗಾರನ ಪೆನ್‌ಡ್ರೈವಿನಲ್ಲಿ ಬಿಡದೆ ಸ್ವಂತ ಡಿಸ್ಕಿನಲ್ಲಿಡಬೇಕು. ಶುದ್ಧೀಕರಣ ನಡೆಯುವಾಗ ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿಟ್ಟಿರಬೇಕು. ಉತ್ತರ-ಕಡತಕ್ಕೆ ಎರಡು ಡಿಸ್ಕುಗಳ ಭೇದವು ಅಂಕೆಯಿಂದಲ್ಲದೆ ಮುಖನೋಡಿ ತಿಳಿಯದು.

ಹೊಸ ವ್ಯವಸ್ಥೆಯಲ್ಲಿ ಫೈರ್‌ಫಾಕ್ಸನ್ನು ಹಾಕುವಾಗ ಅದು ಹಿಂದಿನದಕ್ಕಿಂತ ಹಳೆಯ ಆವೃತ್ತಿಯಾಗಿರಬಾರದು. ಆಗಿದ್ದರೆ ಹಳೆಯ ಪ್ರೊಫೈಲನ್ನು ತೆರೆಯಲು ಒಪ್ಪುವುದಿಲ್ಲ. ನಕಲನ್ನು ತಂದಿಟ್ಟ ಮೇಲೂ ಬ್ರೌಸರು ಖಾಲಿಯಾಗಿ ಕಂಡರೆ ಗಾಬರಿಪಡಬೇಕಾದುದಿಲ್ಲ. ಅದು ತನಗಾಗಿ ಹೊಸದೊಂದು ಪ್ರೊಫೈಲನ್ನು ಮಾಡಿಕೊಂಡು ಕುಳಿತಿರುವುದು. ಮೇಲೆ ಹೇಳಿದ ವಿಳಾಸದ ಪುಟದಲ್ಲಿಯೇ ಹೊಸ ಪ್ರೊಫೈಲೊಂದನ್ನು ರಚಿಸುವಾಗ ತಂದಿಟ್ಟ ಫೋಲ್ಡರನ್ನು ತೋರಿಸಿ, ಅದನ್ನೇ ನಿತ್ಯದ ಪ್ರೊಫೈಲಾಗಿ ಆರಿಸಿ, ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆದರೆ ಹಿಂದಿನ ದಪ್ಪ ಅಕ್ಷರಗಳೇ ಬರುವುವು.