ಬೋಳಾದ ಮತ್ತಿ ಸತ್ತಿಲ್ಲ, ಕೊಡಲಿ ಎತ್ತಬೇಡಿ

ಕೆಪೆ: ಬೇಸಿಗೆಯಲ್ಲಿ ಇಲ್ಲಿನ ಕಾಡಂಚಿನಲ್ಲಿ ಎಲೆ ಉದುರಿಸಿ ನಿಂತ ಮತ್ತಿ ಮರ ಕಂಡರೆ ‘ಗಿಡ ಒಣಗೇತಿ, ಕಡದ್ರ ಒಲಿಗೆ ಆಗ್ತೈತಿ’ ಅನ್ನಿಸುವುದು ಸಹಜ. ಆದರೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಕೊಡಲಿ ಎತ್ತುವ ಮುನ್ನ ಯೋಚಿಸಬೇಕು. ಮರ ಸತ್ತಿಲ್ಲ, ಅಡುಗೆ ನಿಲ್ಲಿಸಿದೆ ಅಷ್ಟೆ.

ಎಲೆಯಲ್ಲಿ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈ ಆಕ್ಸೈಡ್ ಒಳಬರುವುದೂ, ನೀರಾವಿ ಹೊರಹೋಗುವುದೂ ಇದೇ ಬಾಗಿಲಿನಿಂದ. ಮಧ್ಯಾಹ್ನ ಬಿಸಿಲು ಏರಿದಾಗ ಮರಗಳು ಈ ಬಾಗಿಲು ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಅಡುಗೆ ನಿಧಾನವಾಗುತ್ತದೆ. ಬಳಕೆಯಾಗದ ಬೆಳಕನ್ನು ಎಲೆಯೊಳಗಿನ ಕೆಲವು ವರ್ಣಕಗಳು ಶಾಖವಾಗಿ ಹೊರಹಾಕಿ ಹಸಿರನ್ನು ಕಾಯುತ್ತವೆ.

ಗೋವಾದ ರಾಜ್ಯ ಮರವಾದ ಮತ್ತಿ ಇನ್ನೂ ಒಂದು ಹೆಜ್ಜೆ ಮುಂದೆ. ನೀರು ತೀರಾ ಕಡಿಮೆಯಾದಾಗ ಎಲೆಯನ್ನೇ ಉದುರಿಸಿ, ಮೊದಲೇ ಕೂಡಿಟ್ಟ ಪಿಷ್ಟದಲ್ಲಿ ದಿನ ದೂಡುತ್ತದೆ. ಬಯಲುಸೀಮೆಯ ಬೇವಿನದು ಬೇರೆ ದಾರಿ. ಆಳಕ್ಕಿಳಿದ ಬೇರಿನ ಬಲದಿಂದ ಅದು ಯುಗಾದಿಯ ಬಿಸಿಲಲ್ಲೇ ಚಿಗುರುತ್ತದೆ.

ಧೂಳಿನ ಮುಂದೆ ಮಾತ್ರ ಈ ಉಪಾಯಗಳು ಅಷ್ಟಾಗಿ ನಡೆಯವು. 2012ರಲ್ಲಿ ಗಣಿಗಾರಿಕೆ ಸ್ಥಗಿತಗೊಳ್ಳುವ ಮುನ್ನ ಅದಿರು ಲಾರಿಗಳು ಓಡಾಡುತ್ತಿದ್ದ ರಸ್ತೆಗಳ ಬದಿಯ ಮರಗಳು ಕೆಂಪು ಧೂಳು ಹೊದ್ದಿರುತ್ತಿದ್ದವು. ಧೂಳು ಬೆಳಕನ್ನು ತಡೆಯುತ್ತದೆ, ರಂಧ್ರಗಳನ್ನೂ ಕಟ್ಟುತ್ತದೆ. ಅದನ್ನು ತೊಳೆಯಲು ಮಳೆಯೇ ಬರಬೇಕು.

ಅನುಮಾನವಿದ್ದರೆ ಎಳೆ ಟೊಂಗೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು, ಹಸಿ ಇದ್ದರೆ ಜೀವ ಐತಿ ಅಂತಲೇ ತಿಳಿಯಿರಿ. ಅಲ್ಲದೆ ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಇಲ್ಲದೆ ಮರ ಕಡಿಯುವುದು ಅಪರಾಧ. ಮಳೆಗಾಲದ ಹೊತ್ತಿಗೆ ಅದೇ ಬೋಳು ಮರ ಮತ್ತೆ ನೆರಳು ಕೊಡುತ್ತದೆ.