ಮಳೆಹನಿಯ ಏಟಿನಿಂದ ಹೆಗಲಿನ ನೋವಿನವರೆಗೆ

ವಿಮಾನಕ್ಕೆ ಬಡಿದ ಮಳೆಹನಿಗೂ ನಿಮ್ಮ ಕತ್ತು–ಹೆಗಲಿನ ಹಳೇ ನೋವಿಗೂ ನಂಟಿದೆ ಎಂದರೆ ನಂಬುತ್ತೀರಾ? ಇದೆ! ಓದುತ್ತ ಹೋದಷ್ಟೂ ನನ್ನ ಕಣ್ಣು ಅರಳಿದ ಕಥೆಯಿದು.

1960ರ ದಶಕದ ಜರ್ಮನಿ. ಡಾರ್ನಿಯರ್ ವಿಮಾನ ಕಂಪನಿಯ ಎಂಜಿನಿಯರುಗಳನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಶಬ್ದವನ್ನೂ ಹಿಂದಿಕ್ಕಿ ಹಾರುವ ವಿಮಾನಕ್ಕೆ ಬರೀ ಮಳೆಹನಿ ತಗಲಿದರೂ ಲೋಹದಲ್ಲಿ ಗುಳಿ ಬೀಳುವುದೇಕೆ? ಅಷ್ಟು ವೇಗದ ಡಿಕ್ಕಿಯಲ್ಲಿ ಆಘಾತ ತರಂಗ ಹುಟ್ಟಿ ಲೋಹದೊಳಕ್ಕೇ ನುಗ್ಗುತ್ತದೆ. ಅದರ ಬೆನ್ನು ಹತ್ತಿದವರಿಗೆ ಸೋಜಿಗವೊಂದು ಕಾದಿತ್ತು. ಈ ತರಂಗ ನೀರಿನಲ್ಲಿ ಸಲೀಸಾಗಿ ಸಾಗುತ್ತದೆ, ಬಹುಪಾಲು ನೀರೇ ಆಗಿರುವ ನಮ್ಮ ಮಾಂಸಖಂಡದಲ್ಲೂ ಸಾಗುತ್ತದೆ. ಗಟ್ಟಿ ಕಲ್ಲು ಎದುರಾದರೆ ಮಾತ್ರ ಸಿಡಿದೇಳುತ್ತದೆ! 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಡಾ. ಕ್ರಿಸ್ಟಿಯನ್ ಚೌಸಿ ಮತ್ತು ಸಂಗಡಿಗರು ರೋಗಿಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಚರ್ಮದ ಮೇಲೆ ಒಂದು ಗೀರೂ ಹಾಕದೆ ಆಘಾತ ತರಂಗದಿಂದಲೇ ಮೂತ್ರಪಿಂಡದ ಕಲ್ಲನ್ನು ಒಡೆದರು.

ಮೈಯೊಳಗೆ ಹೋಗುವ ಈ ಏಟಿನ ಆಯಸ್ಸಾದರೂ ಎಷ್ಟು? ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಒತ್ತಡ ವಾತಾವರಣದ ನೂರಾರು ಪಟ್ಟು ಏರಿ, ಸೆಕೆಂಡಿನ ಲಕ್ಷದಲ್ಲೊಂದು ಪಾಲು ಮುಗಿಯುವಷ್ಟರಲ್ಲಿ ಇಳಿದುಬಿಟ್ಟಿರುತ್ತದೆ. ಅಷ್ಟರಲ್ಲೇ ಎಷ್ಟೆಲ್ಲ! ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥದೇ ತರಂಗಗಳನ್ನು ಗಂಧದೆಣ್ಣೆ ತೆಗೆಯಲಿಕ್ಕೂ ಬಳಸಿ ನೋಡಿದ್ದಾರೆ. ಅಲ್ಲಿಯ ಪ್ರೊ. ಕೆ.ಪಿ.ಜೆ. ರೆಡ್ಡಿ ಕೈಯಿಂದಲೇ ದೂಡಿ ಆಘಾತ ತರಂಗ ಹುಟ್ಟಿಸುವ ಪುಟ್ಟ ಕೊಳವೆಯನ್ನೇ ಮಾಡಿದರು. ಅದರ ಹೆಸರು 'ರೆಡ್ಡಿ ಟ್ಯೂಬ್'.

ಆದರೆ ನನ್ನನ್ನು ಬೆರಗಾಗಿಸಿದ್ದು ಮುಂದಿನ ತಿರುವು. ಕಲ್ಲು ಒಡೆಯುವಾಗ ಪಕ್ಕದ ಸೊಂಟದ ಮೂಳೆಗೆ ಪೆಟ್ಟಾದೀತೇ ಎಂದು ಪರೀಕ್ಷಿಸಿದರೆ, ಮೂಳೆ ಕಟ್ಟುವ ಜೀವಕೋಶಗಳು ಚುರುಕಾಗಿದ್ದವು! ಒಡೆಯುವ ಏಟೇ ಕಟ್ಟುವ ಕೆಲಸಕ್ಕೂ ನಿಂತಿತು. ಕೂಡದೇ ಉಳಿದ ಮೂಳೆಮುರಿತ, ಹಿಮ್ಮಡಿ ನೋವು, ಸುಣ್ಣಗಟ್ಟಿದ ಭುಜದ ಸ್ನಾಯುರಜ್ಜು ಹೀಗೆ ಚಿಕಿತ್ಸೆ ಹಬ್ಬಿತು. ಕೊನೆಗೆ ಕತ್ತಿನಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಸ್ನಾಯುವಿಗೂ ಬಂತು. ಕಂಪ್ಯೂಟರ್ ಮುಂದೆ ಕೂತವರು ಬೆರಳಿಟ್ಟು 'ಇಲ್ಲೇ, ಇಲ್ಲೇ ಗಂಟು' ಎನ್ನುವುದು ಇದನ್ನೇ.

ಜೀವಕೋಶಕ್ಕೆ ಏಟು ತಿಳಿಯುವುದಾದರೂ ಹೇಗೆ? 2010ರಲ್ಲಿ ವಿಜ್ಞಾನಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ಕೋಶದ ಪೊರೆಯಲ್ಲಿ ಪಿಯೆಝೋ ಎಂಬ ಪ್ರೋಟೀನುಗಳನ್ನು ಕಂಡುಹಿಡಿಯಿತು. ಒತ್ತಿದರೆ ಸಾಕು, ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಪಟಪೂಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಂದಿತು. ನಮ್ಮ ಮೈ ಬಲವನ್ನು ಓದಬಲ್ಲದು! ಯಂತ್ರದ ಬಲವನ್ನಷ್ಟೇ ಅಲ್ಲ, ನಾವೇ ಹಾಕುವ ಬಲವನ್ನೂ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಫಿಸಿಯೋಥೆರಪಿ ಕ್ಲಿನಿಕ್ಕುಗಳಲ್ಲಿ ಟಕಟಕ ಸದ್ದು ಮಾಡುವ ಯಂತ್ರಗಳು ಹೆಚ್ಚಾಗಿ 'ರೇಡಿಯಲ್' ಬಗೆಯವು. ಗಾಳಿಯ ಒತ್ತಡದಿಂದ ಲೋಹದ ತುಂಡೊಂದು ತುದಿಗೆ ಹೊಡೆಯುತ್ತದೆ. ಆ ಅಲೆಯ ಶಕ್ತಿ, ಕಲ್ಲು ಒಡೆಯುವ ತರಂಗದಂತೆ ಆಳಕ್ಕೆ ಹೋಗದೆ, ಬಹುಪಾಲು ಮೇಲ್ಪದರದಲ್ಲೇ ಕರಗುತ್ತದೆ. ಭುಜದ ಸುಣ್ಣಗಟ್ಟಿದ ಸ್ನಾಯುರಜ್ಜುವಿಗೆ ಆಘಾತ ತರಂಗ ನೆರವಾಗುತ್ತದೆ ಎನ್ನಲು ಒಂದಿಷ್ಟು ಪುರಾವೆಯಿದೆ, ಕತ್ತಿನ ಸ್ನಾಯುನೋವಿಗೆ ಅಷ್ಟಿಲ್ಲ. ನೋವು ತಗ್ಗಿ ಕೈ ಎತ್ತುವಂತಾದರೆ ಅದೇ ದೊಡ್ಡ ಲಾಭ, ಏಕೆಂದರೆ ಆಗ ವ್ಯಾಯಾಮ ಶುರುವಾಗಬಹುದು. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆಯುಳ್ಳವರಿಗೆ, ಆ ಜಾಗದಲ್ಲಿ ಕ್ಯಾನ್ಸರ್ ಗೆಡ್ಡೆಯಿರುವವರಿಗೆ ಈ ಚಿಕಿತ್ಸೆ ಬೇಡ. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಯಂತ್ರ, ವ್ಯಾಯಾಮ ಎರಡನ್ನೂ ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಬೇಕು.

ವ್ಯಾಯಾಮ ಎಂದೆನಲ್ಲ, ಅದರ ಕಥೆಗೆ ಇನ್ನು ಡೆನ್ಮಾರ್ಕಿಗೆ ಬನ್ನಿ. 2011ರಲ್ಲಿ ಲಾರ್ಸ್ ಆಂಡರ್ಸನ್ ಮತ್ತು ಸಂಗಡಿಗರು ಪದೇ ಪದೇ ಕತ್ತು–ಹೆಗಲು ನೋಯುವ 198 ಕಚೇರಿ ನೌಕರರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 12 ನಿಮಿಷ ರಬ್ಬರ್ ಬ್ಯಾಂಡಿನ ವ್ಯಾಯಾಮ, ಇನ್ನೊಂದಕ್ಕೆ ಬರೀ 2 ನಿಮಿಷ! ವಾರಕ್ಕೆ ಐದು ದಿನ, 10 ವಾರ. ಮೂರನೇ ಗುಂಪಿಗೆ ವ್ಯಾಯಾಮವಿಲ್ಲ, ಆರೋಗ್ಯದ ಮಾಹಿತಿಯಷ್ಟೇ. ವ್ಯಾಯಾಮ ಮಾಡಿದ ಎರಡೂ ಗುಂಪುಗಳಲ್ಲಿ ನೋವು ಎದ್ದು ಕಾಣುವಂತೆ ಇಳಿಯಿತು. ಎರಡೇ ಎರಡು ನಿಮಿಷ!

ಮಾಡುವುದು ಇಷ್ಟೇ: ಬ್ಯಾಂಡನ್ನು ಪಾದದಡಿ ತುಳಿದು, ಎರಡು ತುದಿ ಹಿಡಿದು, ಮೊಣಕೈ ತುಸು ಬಾಗಿಸಿ, ಎರಡೂ ತೋಳುಗಳನ್ನು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ, ಹೆಗಲಿನ ಮಟ್ಟದವರೆಗೆ ಎತ್ತಿ ನಿಧಾನ ಇಳಿಸಿ. ಸ್ನಾಯು ಸೋಲುವ ತನಕ ಒಂದು ಸುತ್ತು. ಮೆತ್ತನೆಯ ಬ್ಯಾಂಡಿನಿಂದ ಶುರುಮಾಡಿ. ಅದು ಹಗುರವೆನಿಸತೊಡಗಿದಾಗ ಬಿಗಿಯಾದದ್ದಕ್ಕೆ ಹೋಗಿ.